ಮೀಟರಕ್ಕನ ಅಂಗಡಿಗೆ ಬಂದ ಕಂಪ್ಯೂಟರ್

ಬೀದಿಯವರೆಲ್ಲ ಅವಳನ್ನು ಮೀಟರಕ್ಕ ಅನ್ನುತ್ತಿದ್ದರು. ಕರೆಂಟು ಅಳೆಯುವ ಮೀಟರನ್ನು ಕೊರಳಿಗೆ ನೇತುಹಾಕಿಕೊಂಡೇ ಅವಳು ಬೆಳಗ್ಗೆ ಅಂಗಡಿಯ ಷಟರ್ ಎತ್ತುತ್ತಿದ್ದಳು. ಅಂಗಡಿ ಅಪ್ಪನದು. ರೇಡಿಯೋ, ಇಸ್ತ್ರಿಪೆಟ್ಟಿಗೆ, ಟೈಪ್‌ರೈಟರ್, ಕೆಟ್ಟದ್ದು ಏನೇ ಇದ್ದರೂ ಅಲ್ಲಿಗೆ ಬರುತ್ತಿತ್ತು. ಅಪ್ಪನ ಕಣ್ಣು ಮಂಜಾದ ಮೇಲೆ ಕೆಲಸವೆಲ್ಲ ಇವಳ ಕೈಗೆ ಬಂತು. ಅಪ್ಪ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಕಿವಿಯಲ್ಲೇ ಅಂಗಡಿ ನೋಡಿಕೊಳ್ಳುತ್ತಿದ್ದ.

ತಂಗಿ ಹಲ್ಲಿನ ಡಾಕ್ಟರು. ಅವಳ ಕ್ಲಿನಿಕ್ಕು ಹಿಂದಿನ ಬೀದಿಯಲ್ಲಿತ್ತು. ಅವಳಿಗೆ ಓದು ತಾನಾಗಿ ಹತ್ತಿತ್ತು, ಜಡೆ ತಾನಾಗಿ ಉದ್ದ ಬೆಳೆದಿತ್ತು, ಅವಳು ನಕ್ಕರೆ ಎದುರಿಗಿದ್ದವರಿಗೂ ನಗು ಬರುತ್ತಿತ್ತು. ಹಲ್ಲು ಕೀಳಿಸಿಕೊಂಡವರೂ ಅವಳನ್ನು ಹೊಗಳುತ್ತ ಹೋಗುತ್ತಿದ್ದರು. ಇದನ್ನೆಲ್ಲ ನುಂಗಿಕೊಂಡು ಬಂದಿದ್ದ ಮೀಟರಕ್ಕನಿಗೆ ಒಂದೇ ಸಮಾಧಾನವಿತ್ತು. ಈ ಅಂಗಡಿಯೊಳಗೆ ಮಾತ್ರ ಅಪ್ಪ ತನ್ನವನು.

ಒಂದು ದಿನ ಹಡಗು ಏಜೆಂಟರ ಹಳೇ ಗೋದಾಮನ್ನು ಕೆಡವುತ್ತಿದ್ದ ಗುತ್ತಿಗೆದಾರ ಒಂದು ಯಂತ್ರವನ್ನು ಗಾಡಿಯಲ್ಲಿ ತಂದು ಇಳಿಸಿದ. ಮೇಜಿನಷ್ಟು ದೊಡ್ಡದು, ಬೂದು ಬಣ್ಣದ ಉಕ್ಕಿನ ಮೈ, ಮೇಲೆ ಟೈಪ್‌ರೈಟರಿನಂಥ ಕೀಲಿಗಳ ಸಾಲು. ಹೆಸರಿನ ತಗಡು ಇದ್ದ ಜಾಗದಲ್ಲಿ ಬರೀ ಸ್ಕ್ರೂ ತೂತುಗಳು.

“ಇದೇನು ಅಂತ ಹೇಳಿದ್ರೆ ಇಟ್ಕೊಳಿ. ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ” ಅಂದ.

ಮೀಟರಕ್ಕ ಒಂದು ಸುತ್ತು ಹಾಕಿ, “ತಂತಿ ಸುದ್ದಿ ಕಳ್ಸೋ ಯಂತ್ರ” ಅಂದುಬಿಟ್ಟಳು.

ಅಪ್ಪ ಎದ್ದು ಬಂದು ಯಂತ್ರದ ಮೈಮೇಲೆ ಕೈಯಾಡಿಸಿದ. ಬಲಗಡೆ ಬೇರೆಯಾಗಿ ಕೂತಿದ್ದ ಅಂಕಿಗಳ ಕೀಲಿಗಳ ಮೇಲೆ ಬೆರಳು ನಿಲ್ಲಿಸಿ, “ಅದಲ್ಲ ಕಣೇ. ಸುದ್ದಿ ಕಳ್ಸೋಕೆ ಇಷ್ಟು ಅಂಕಿ ಯಾಕೆ? ಒಂದ್ಸಲ ತಂಗಿಗೆ ತೋರ್ಸು” ಅಂದ.

“ಅವಳು ಇದರ ಹಲ್ಲು ಎಣಿಸ್ತಾಳಾ?”

“ಅವಳ ಕಣ್ಣು ಚುರುಕು” ಅಂದ ಅಪ್ಪ. ಅಷ್ಟೇ ಮಾತು. ಮೀಟರಕ್ಕ ಅವತ್ತು ಬಂದ ಗಿರಾಕಿಗಳ ಮೇಲೆಲ್ಲ ರೇಗಿದಳು.

ಭಾನುವಾರ ತಂಗಿ ಹಣೆಗೆ ದೀಪ ಕಟ್ಟಿಕೊಂಡು ಬಂದಳು. ಬಾಯೊಳಗೆ ಇಳಿಸುವ ಪುಟ್ಟ ಕನ್ನಡಿಯನ್ನು ಯಂತ್ರದ ಹಿಂಬದಿಯ ಸಂದಿಯಲ್ಲಿ ತೂರಿಸಿ, ಒಳಗಿನ ಸರ್ಕ್ಯೂಟ್ ಹಲಗೆಯ ಬೆನ್ನಿಗೆ ಅಚ್ಚೊತ್ತಿದ್ದ ಗುರುತನ್ನು ತಿರುಗುಮುರುಗಾಗಿ ಓದಿದಳು. ಕೆಳಗಿನ ಮುಚ್ಚಳ ಬಿಚ್ಚಿದಾಗ ಒಂದು ಚೌಕಟ್ಟು ಕಂಡಿತು. ಅದರೊಳಗೆ ಸಾಸಿವೆಗಿಂತ ಸಣ್ಣ ಕಪ್ಪು ಉಂಗುರಗಳನ್ನು ಕೂದಲೆಳೆಯಂಥ ತಂತಿಗಳಲ್ಲಿ ಪೋಣಿಸಿದ್ದರು.

“ಅಕ್ಕಾ, ಇಂಥದ್ದು ಚಿತ್ರದಲ್ಲಿ ನೋಡಿದೀನಿ. ಇದು ನೆನಪು ಇಟ್ಕೊಳೋ ಜಾಗ. ಇದು ಕಂಪ್ಯೂಟರು.”

ಅಪ್ಪ ಕುರ್ಚಿಯನ್ನು ದರದರ ಎಳೆದುಕೊಂಡು ತಂಗಿಯ ಪಕ್ಕಕ್ಕೆ ಬಂದ. “ಹೇಗಿದೆ ಹೇಳು, ಒಂದೊಂದೇ ಹೇಳು” ಅಂದ. ಬಾಗಿಲ ಪಕ್ಕದಿಂದ ಆ ಕುರ್ಚಿ ಅಲುಗಿದ್ದನ್ನು ಮೀಟರಕ್ಕ ಅದುವರೆಗೆ ನೋಡಿರಲಿಲ್ಲ.

ತಂಗಿ ಫೋಟೋಗಳನ್ನು ಹಳೇ ಯಂತ್ರಗಳ ಹುಚ್ಚಿನವರಿಗೆ ಕಳಿಸಿದಳು. ಎಲ್ಲೋ ದೂರದೇಶದ ಒಬ್ಬ ಮುದುಕಿ ಎಂಜಿನಿಯರು ಉತ್ತರ ಕೊಟ್ಟಳು. ಸಗಟು ವ್ಯಾಪಾರಿಗಳಿಗೆ ಬಿಲ್ಲು ಹಾಕಲು ಒಂದು ಸಣ್ಣ ಕಂಪನಿ ಮಾಡಿದ ಕಂಪ್ಯೂಟರ್ ಅದು. ಮಾರಾಟವಾದದ್ದು ಬೆರಳೆಣಿಕೆಯಷ್ಟು, ಕಂಪನಿ ಆಗಲೇ ಮುಚ್ಚಿಹೋಯಿತು. ಅಲ್ಲಿ ಕೆಲಸ ಮಾಡಿದ್ದ ಆ ಮುದುಕಿ ತನ್ನ ಹತ್ತಿರ ಉಳಿದಿದ್ದ ನಕ್ಷೆಗಳನ್ನೂ ಕಳಿಸಿದಳು.

ರಿಪೇರಿ ಶುರುವಾಯಿತು. ತಂಗಿ ಪ್ರತಿ ಭಾನುವಾರ ಬಂದು, ಹಲ್ಲು ಶುಚಿಮಾಡುವಷ್ಟು ನಾಜೂಕಾಗಿ ಒಂದೊಂದು ಕೀಲಿಯ ಬುಡ ಉಜ್ಜುತ್ತಿದ್ದಳು. ವಾರವಿಡೀ ಬೆವರಿಳಿಸುವ ಕೆಲಸ ಮೀಟರಕ್ಕನದು. ಕಾಗದ ಎಳೆಯುವ ರಬ್ಬರ್ ಉರುಳೆಗಳು ಕರಗಿ ಡಾಂಬರಾಗಿದ್ದವು. ಕೆರೆದು ತೆಗೆದು ಹೊಸದು ಕೂರಿಸಿದಳು. ಊದಿಕೊಂಡಿದ್ದ ಕೆಪ್ಯಾಸಿಟರುಗಳನ್ನು ಬದಲಿಸಿದಳು. ಏಕಾಏಕಿ ಕರೆಂಟು ನುಗ್ಗಿ ಒಳಗೆಲ್ಲ ಸುಟ್ಟುಹೋಗದಂತೆ ನಡುವೆ ಒಂದು ಬಲ್ಬು ಸೇರಿಸಿ, ಉಸಿರು ಬಿಗಿಹಿಡಿದು ಸ್ವಿಚ್ಚು ಒತ್ತಿದಳು. ಯಂತ್ರ ಗುಂಯ್‌ಗುಟ್ಟಿತು. ಅವತ್ತು ಸಂಜೆ ಇಸ್ತ್ರಿಪೆಟ್ಟಿಗೆ ತಂದ ಹೆಂಗಸು, “ನಿಮ್ಮ ತಂಗಿ ಅದೇನೋ ಕಂಪ್ಯೂಟರ್ ರೆಡಿ ಮಾಡ್ತಿದಾರಂತೆ? ಕೈಗುಣ ಅಂದ್ರೆ ಅದು” ಅಂದಳು. ಆ ಇಸ್ತ್ರಿಪೆಟ್ಟಿಗೆ ರಿಪೇರಿಯಾಗಲು ಬೇಕಾದ್ದಕ್ಕಿಂತ ಬಹಳ ಹೆಚ್ಚು ದಿನ ಹಿಡಿಯಿತು.

ಯಂತ್ರ ಅಚ್ಚು ಹೊಡೆಯುತ್ತಿತ್ತು, ಆದರೆ ಲೆಕ್ಕ ತಪ್ಪುತ್ತಿತ್ತು. ಒಂಬತ್ತಕ್ಕೆ ಒಂದು ಕೂಡಿಸಿದರೆ ಬರೀ ಸೊನ್ನೆ. ಶಾಲೆಗೆ ಹೊಸದಾಗಿ ಸೇರಿದ ಮಗುವಿನಂತೆ ದಶಕ ಮುಂದಕ್ಕೆ ಒಯ್ಯುವುದನ್ನು ಮರೆತಿತ್ತು. ತಂಗಿ ನಕ್ಷೆ ಹರಡಿಕೊಂಡು ಹಲಗೆ ಹಲಗೆಯನ್ನೂ ತಡಕಿದಳು. ಸಿಗಲಿಲ್ಲ.

ಸಿಕ್ಕಿದ್ದು ಮೀಟರಕ್ಕನಿಗೆ. ಒಂದು ಮಧ್ಯಾಹ್ನ ಹಲಗೆಯೊಂದರ ಅಂಚನ್ನು ಉಗುರಲ್ಲಿ ಒತ್ತಿ ಹಿಡಿದಾಗ ಲೆಕ್ಕ ಸರಿಬಂತು. ಬಿಟ್ಟರೆ ಮತ್ತೆ ತಪ್ಪು. ತಾಮ್ರದ ಗೆರೆಯಲ್ಲಿ ಕಣ್ಣಿಗೆ ಕಾಣದ ಬಿರುಕು. ಒಂದು ಹನಿ ಬೆಸುಗೆ ಹಾಕಿದ್ದರೆ ಮುಗಿಯುತ್ತಿತ್ತು. ಅವಳು ಹಾಕಲಿಲ್ಲ. ಹಲಗೆಯನ್ನು ಇದ್ದಂತೆಯೇ ಕೂರಿಸಿ ಮುಚ್ಚಳ ಹಾಕಿದಳು.

ಆಮೇಲೆ ಬಂದ ಭಾನುವಾರಗಳು ಅವಳಿಗೆ ಹಬ್ಬದಂತಿದ್ದವು. ತಂಗಿ ಕಣ್ಣುಜ್ಜಿಕೊಂಡು ಹುಡುಕುವಳು, ಇವಳು ಸ್ಟೂಲಿನ ಮೇಲೆ ಕೂತು ನೋಡುವಳು. “ನಂಗೆ ಇದು ಬಗೆಹರಿಯಲ್ಲ ಅನ್ಸುತ್ತೆ ಅಕ್ಕಾ” ಅಂತ ತಂಗಿ ಸೋತ ದನಿಯಲ್ಲಿ ಅಂದಾಗ, “ನೋಡೋಣ ಬಿಡು” ಅಂದಳು. ಒಳಗೆ ಮಾತ್ರ ಬಹಳ ದಿನದ ಬಾಯಾರಿಕೆಗೆ ನೀರು ಸಿಕ್ಕಂತಾಗಿತ್ತು.

ಕ್ಲಿನಿಕ್ಕಿನ ಕೆಲಸದ ಮೇಲೆ ತಂಗಿ ಪರವೂರಿಗೆ ಹೋದ ದಿನ ಅವಳು ಬೆಸುಗೆ ಹಾಕಿದಳು. ಉದ್ದದ ಕೂಡುವ ಲೆಕ್ಕವೊಂದನ್ನು ಒತ್ತಿದಳು. ಯಂತ್ರ ಟಕಟಕನೆ ಸರಿಯಾದ ಮೊತ್ತ ಹೊಡೆಯಿತು.

“ಅಪ್ಪಾ, ಸರಿಹೋಯ್ತು. ನಾನೇ ಮಾಡಿದೆ.”

ಅಪ್ಪ ಅಲುಗಲಿಲ್ಲ. “ಯಾವತ್ತು ಸಿಕ್ಕಿತ್ತು?”

“ಈಗ.”

“ಕೆಟ್ಟಿದ್ದು ಸಿಗೋವರೆಗೂ ನೀನು ಗೊಣಗ್ತಾ ಇರ್ತೀಯ, ಚಿಕ್ಕಂದಿನಿಂದ. ಆ ಗೊಣಗಾಟ ನಿಂತು ಎಷ್ಟು ದಿನ ಆಯ್ತು ಅಂತ ನಂಗೆ ಗೊತ್ತಿಲ್ವಾ? ಆ ಹುಡುಗಿ ಕಣ್ಣು ನೋವು ಅಂತ ನನ್ನ ಹತ್ರ ಹೇಳ್ಕೊತಿತ್ತು.”

ಕೆಲಸ ಚೆನ್ನಾಗಿದೆ ಅಂತ ಒಂದು ಮಾತು ಬರಲಿಲ್ಲ. ಅವಳು ಕಾದದ್ದು ಅದೊಂದಕ್ಕೆ.

ಯಂತ್ರವನ್ನು ತಾಂತ್ರಿಕ ಕಾಲೇಜಿನವರು ತಮ್ಮ ಸಭಾಂಗಣದಲ್ಲಿಡಲು ಕೇಳಿದರು. ಅದನ್ನು ಸಾಗಿಸುವ ವ್ಯಾನಿನಲ್ಲಿ ಅಕ್ಕತಂಗಿ ಅಕ್ಕಪಕ್ಕ ಕೂತಿದ್ದರು. ತಂಗಿಗೆ ಖುಷಿಯೋ ಖುಷಿ. “ನೀನಿಲ್ದೇ ಇದ್ದಿದ್ರೆ ಇದು ಏಳ್ತಾನೇ ಇರ್ಲಿಲ್ಲ” ಅಂತ ಇವಳ ತೋಳು ಹಿಡಿದುಕೊಂಡಳು. ಆ ಕೈಯ ಬಿಸಿ ಮೀಟರಕ್ಕನಿಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟಳು.

ತಂಗಿ ಕೈ ಹಿಂದಕ್ಕೆ ತೆಗೆದುಕೊಂಡಳು. “ನಾನು ಹುಡುಕ್ತಾ ಇದ್ದಾಗ ನೀನು ಅಲ್ಲೇ ಕೂತು ನೋಡ್ತಿದ್ದೆ.”

“ಹೂಂ.”

“ಯಾಕಕ್ಕಾ?”

“ಹೊಟ್ಟೆಕಿಚ್ಚು” ಅಂದಳು ಮೀಟರಕ್ಕ. ಬೇರೆ ಹೆಸರು ಅದಕ್ಕಿರಲಿಲ್ಲ.

ತಂಗಿ ಅಂಗಡಿಗೆ ಬರುವುದನ್ನು ಬಿಟ್ಟಳು. ಭಾನುವಾರವಾದರೆ ಅಪ್ಪ ಬೀದಿಯ ಹೆಜ್ಜೆ ಸದ್ದಿಗೆಲ್ಲ ತಲೆ ಎತ್ತಿ, “ಬಂದ್ಲಾ?” ಅನ್ನುತ್ತಿದ್ದ. ಎದುರಿಗಿರುವ ತನ್ನತ್ತ ತಿರುಗದ ಅಪ್ಪನ ಕಿವಿ, ಬಾರದ ತಂಗಿಯ ದಾರಿ ಕಾಯುತ್ತಿತ್ತು. ಮೀಟರಕ್ಕನಿಗೆ ಈಗ ತಂಗಿ ಬಿಟ್ಟುಹೋದ ಖಾಲಿ ಜಾಗದ ಮೇಲೂ ಹೊಟ್ಟೆಕಿಚ್ಚು.

ಕೊನೆಗೆ ಅವಳನ್ನು ಎಳೆದುಕೊಂಡು ಹೋದದ್ದು ದವಡೆ ಹಲ್ಲು. ಕೆನ್ನೆ ಬಾತು ಕ್ಲಿನಿಕ್ಕಿನ ಬೆಂಚಿನಲ್ಲಿ ಎಲ್ಲರ ಜೊತೆ ಕೂತಳು. ಸರದಿ ಬಂದಾಗ ತಂಗಿ ಮುಖ ನೋಡದೆ, “ಬಾಯಿ ತೆಗಿ” ಅಂದಳು. ಒಳಗೆ ಇಣುಕಿ, “ಎಷ್ಟು ದಿನದಿಂದ ನೋವು?”

“ಬಹಳ ದಿನದಿಂದ.”

“ಹೇಳ್ಬೇಕು ತಾನೆ?”

“ಬರೋಕೆ ಮುಖ ಇರ್ಲಿಲ್ಲ.”

“ಈಗ ನೋಡಿದ್ರೆ ಒಂದಕ್ಕೆ ಎರಡಾಗಿದೆ” ಅಂದಳು ತಂಗಿ, ಬಾತ ಕೆನ್ನೆ ನೋಡಿ. ನರ್ಸು ಕಿಸಕ್ಕನೆ ನಕ್ಕಳು. ತಂಗಿ ಮರಗಟ್ಟಿಸುವ ಸೂಜಿ ಚುಚ್ಚಿದಳು. ಇರುವೆ ಕಚ್ಚಿದಷ್ಟೂ ಗೊತ್ತಾಗಲಿಲ್ಲ. ಈ ಕೈಯನ್ನು ಜನ ಸುಮ್ಮನೆ ಹೊಗಳುವುದಿಲ್ಲ ಅಂತ ಮೀಟರಕ್ಕನಿಗೆ ಬಾಯಿ ತೆರೆದುಕೊಂಡೇ ಒಪ್ಪಬೇಕಾಯಿತು. ಒಪ್ಪಿದರೂ ಉರಿ ಆರಲಿಲ್ಲ.

ಆ ವಾರ ತಂಗಿ ತನ್ನ ಕ್ಲಿನಿಕ್ಕಿನ ಕೆಟ್ಟ ರೇಡಿಯೋ ಹಿಡಿದುಕೊಂಡು ಅಂಗಡಿಗೆ ಬಂದಳು. “ನಾನೇ ಬಿಚ್ತೀನಿ, ನೀನು ಹೇಳ್ಕೊಡು. ಗೊತ್ತಾದ್ರೆ ಆಗ್ಲೇ ಹೇಳ್ಬೇಕು” ಅಂದಳು. ಅಪ್ಪ ಕುರ್ಚಿಯನ್ನು ಮತ್ತೆ ಅವಳ ಕಡೆಗೇ ಎಳೆದುಕೊಂಡ. ಮೀಟರಕ್ಕ ಅದನ್ನು ನೋಡಿದಳು, ತುಟಿ ಕಚ್ಚಿಕೊಂಡಳು, ಆಮೇಲೆ ಎದ್ದು ಟೇಬಲ್ ಲ್ಯಾಂಪನ್ನು ತಂಗಿಯ ಕೈಯ ಮೇಲೆ ಬೆಳಕು ಬೀಳುವ ಹಾಗೆ ಬಗ್ಗಿಸಿದಳು.