ಕಾಯರ್ ಟೀಚರ್ ಅಡಗಿಸಿದ ಆಯಾಸ

ಸಂಜೆಯಾದರೆ ಟೀಚರ ಎಡಗಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು. ಅದನ್ನು ಒಂದು ಬೆರಳಿನಿಂದ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ತಾಳ ತೋರಿಸುತ್ತ, ಮಾರನಹಳ್ಳಿ ಕಡೆಯ ನಮ್ಮ ಚರ್ಚಿನ ಹಾಡುವ ತಂಡವಾದ ಕಾಯರಿನಲ್ಲಿ ನಮಗೆ ಹಾಡು ಕಲಿಸುತ್ತಿದ್ದರು. "ನಿದ್ದೆ ಬಂದಿರೋದು ಕಣ್ಣಿಗೆ, ನಂಗಲ್ಲ. ಹೂಂ, ಹಾಡ್ರೇ" ಎನ್ನುತ್ತಿದ್ದರು. ಸ್ವರ ನಡುಗುವ ಮೊದಲೇ, ಕೇಳುವವರಿಗೆ ತಿಳಿಯದಂತೆ ಉಸಿರೆಳೆದುಕೊಳ್ಳಬೇಕೆಂಬುದು ಅವರ ಮೊದಲ ಪಾಠ.

ನರಗಳು ಸ್ನಾಯುಗಳಿಗೆ ಕಳಿಸುವ ಸೂಚನೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಡೆಯುವ ಕಾಯಿಲೆ ಅವರದು. ಬರಬರುತ್ತ ಅನ್ನ ನುಂಗುವುದೂ ಕಷ್ಟವಾಯಿತು. ಇದ್ದ ಮಾತ್ರೆಗಳು ಸಾಲಲಿಲ್ಲ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹೊಸ ಔಷಧಿಯ ಪ್ರಯೋಗ ನಡೆಯುತ್ತಿತ್ತು. ಅವರಿಗೆ ಉಳಿದಿದ್ದ ದಾರಿ ಅದೊಂದೇ. ನಾನು ಅಲ್ಲೇ ಫಾರ್ಮಸಿ ಓದುತ್ತಿದ್ದೆ. ಜೊತೆಗೆ ಹೋದೆ.

ಡಾಕ್ಟರ್ ಗಟ್ಟಿಯಾಗಿ ಐವತ್ತರವರೆಗೆ ಎಣಿಸಲು ಹೇಳಿದರು. ಟೀಚರ್ ನಿಧಾನವಾಗಿ, ಸ್ಪಷ್ಟವಾಗಿ ಎಣಿಸಿ ಮುಗಿಸಿದರು.

"ಮಾತು ಚೆನ್ನಾಗೇ ಇದೆಯಲ್ಲಮ್ಮ. ತೊಂದರೆ ಇಷ್ಟು ಕಡಿಮೆ ಇದ್ರೆ ಪ್ರಯೋಗಕ್ಕೆ ತಗೊಳ್ಳೋದು ಕಷ್ಟ."

ಟೀಚರ್ ಹೊಗಳಿಸಿಕೊಂಡವರಂತೆ ನಕ್ಕರು. ನನಗೆ ಅರ್ಥವಾಯಿತು.

"ಟೀಚರ್, ನೀವು ನಡುನಡುವೆ ಗೊತ್ತಾಗದ ಹಾಗೆ ಉಸಿರು ಕದ್ರಲ್ಲ" ಎಂದೆ.

"ಮತ್ತೆ? ಒಡಕು ಸ್ವರ ಕೇಳಿಸ್ಲಾ ಮಾರಾಯ್ತಿ? ಇಷ್ಟು ವರ್ಷ ಅದನ್ನ ಮುಚ್ಚೋದನ್ನೇ ಕಲ್ಸಿದೀನಿ."

"ಅವರು ಹಾಡು ಕೇಳ್ತಿಲ್ಲ. ಸುಸ್ತು ಎಲ್ಲಿ ಶುರುವಾಗುತ್ತೆ ಅಂತ ಕೇಳ್ತಿದಾರೆ."

ಅವರು ಸೆರಗಿನ ತುದಿ ಮಡಚಿ ಸಿಕ್ಕಿಸಿಕೊಂಡರು. ಆಮೇಲೆ ಡಾಕ್ಟರ ಕಡೆ ತಿರುಗಿದರು. "ಇನ್ನೊಂದ್ಸಲ ಎಣಿಸ್ತೀನಿ. ಈ ಸಲ ಕದಿಯಲ್ಲ."

ಈ ಬಾರಿ ಉಸಿರಿಗಾಗಿ ಎಲ್ಲೂ ನಿಲ್ಲಲಿಲ್ಲ. ಅರ್ಧ ದಾರಿಯಲ್ಲೇ ಮಾತು ಮೂಗಿಗೇರಿತು, ನಾಲಿಗೆ ತೊದಲಿತು. ಅವರ ಸ್ವರ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಿಟಕಿಯ ಕಡೆ ನೋಡುತ್ತ ನಿಂತೆ. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದ ಮೇಲೆ ಅವರನ್ನು ಪ್ರಯೋಗಕ್ಕೆ ಸೇರಿಸಿಕೊಂಡರು.

ಘಾಟಿ ಹತ್ತುವ ಬಸ್ಸಿನಲ್ಲಿ, ಕೆಲವರಿಗೆ ಔಷಧಿಯಿಲ್ಲದ ಬರೀ ದ್ರಾವಣ ಚುಚ್ಚುತ್ತಾರೆ, ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿದಿರುವುದಿಲ್ಲ ಎಂದು ಮತ್ತೊಮ್ಮೆ ವಿವರಿಸಿದೆ.

"ಇರ್ಲಿ ಬಿಡೇ. ನಮ್ ಕಾಯರಲ್ಲೂ ಬರೀ ಬಾಯಿ ಆಡ್ಸೋರು ಇರ್ಲಿಲ್ವಾ? ನಿಮ್ಮಕ್ಕನೇ ಇದ್ಲು."

ಪ್ರಯೋಗದ ಉದ್ದಕ್ಕೂ ಅವರ ರೆಪ್ಪೆ ಏಳಲಿಲ್ಲ. ಕೊನೆಗೆ, ಅವರಿಗೆ ಕೊಟ್ಟದ್ದು ಬರೀ ದ್ರಾವಣವೆಂದು ತಿಳಿಯಿತು. ಅನಂತರ ನಿಜವಾದ ಔಷಧಿ ಕೊಟ್ಟರು. ಅನ್ನ ನುಂಗುವಂತಾಯಿತು, ಒಂದು ಕ್ರಿಸ್ಮಸ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಹಾಡಿದರು. ಮುಂದಿನ ಮಳೆಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಆ ಔಷಧಿ ಈಗ ಬೇರೆಯವರಿಗೂ ಸಿಗುತ್ತಿದೆ. ಅದು ಕೆಲಸ ಮಾಡುತ್ತದೆಂದು ಗೊತ್ತಾದದ್ದು, ಅದು ಸಿಕ್ಕವರ ಸ್ವರದ ಪಕ್ಕದಲ್ಲಿ ಸಿಗದವರ ಸ್ವರವನ್ನೂ ಇಟ್ಟು ಕೇಳಿದ್ದರಿಂದ. ಆ ಸ್ವರಗಳಲ್ಲಿ ಒಂದು ಟೀಚರದು.