ಗರಗಸದ ಆಚೆ ಬದಿ

ಹೆತ್ತವರು ಇಟ್ಟ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ, ಎಲ್ಲರ ಬಾಯಲ್ಲೂ ಅವನು ಜುಮ್ಮಣ್ಣ. ಕೆಲಸ ಬಡಗಿಯದು. ಮನೆಯ ಹಿಂದೆ ತಗಡು ಹೊದಿಸಿದ ಕಾರ್ಖಾನೆ, ಅದರ ನಡುವೆ ಕಬ್ಬಿಣದ ಮೇಜಿಗೆ ಕೂಡಿಸಿದ ಕರೆಂಟಿನ ಗರಗಸ. ಗರಗಸ ಓಡುವಾಗ ಆ ಮೇಜನ್ನು ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಬೆಚ್ಚಿಬಿದ್ದವರಿಗೆಲ್ಲ ಅವನದು ಒಂದೇ ಮಾತು: ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡರೆ ಅದೂ ಇಲ್ಲ. ಹೆಸರು ಬಂದದ್ದು ಹಾಗೆ. ಒಮ್ಮೆ ಆನೆಯಂಥ ಆಳೊಬ್ಬ ಕೂಲಿಗೆ ಬಂದವನು ಮೇಜಿಗೆ ಕೈ ಊರಿ, ಹಲಗೆ ಬಿಸಾಕಿ, ಬೀದಿಗೆ ಓಟ ಕಿತ್ತಿದ್ದ. ಆ ಓಟವನ್ನು ಜುಮ್ಮಣ್ಣ ಬಂದವರಿಗೆಲ್ಲ ಓಡಿಯೇ ತೋರಿಸುತ್ತಿದ್ದ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಜೊತೆಗೆ ಹೆಂಡತಿಯೂ ನಗುತ್ತಿದ್ದಳು.

ಅವನ ಕೆಲಸಕ್ಕೆ ಹೆಸರಿಡುವಂತಿಲ್ಲ. ಬಾಗಿಲು ಜೋಡಿಸಿದರೆ ಸಂದಿನಲ್ಲಿ ಕಾಗದ ತೂರದು. ಕರೆಂಟಿನ ವಿಷಯಕ್ಕೆ ಬಂದರೆ ಮಾತ್ರ ಶುದ್ಧ ಮೊಂಡ. ಹೊಸ ಯಂತ್ರ ಮನೆಗೆ ಬಂತೆಂದರೆ ಮೊದಲ ಕೆಲಸವೇನು ಹೇಳಿ? ಇಕ್ಕಳ ಹಿಡಿದು, ಪ್ಲಗ್ಗಿನ ಮೂರು ಪಿನ್ನುಗಳಲ್ಲಿ ಮೇಲಿನ ದಪ್ಪ ಪಿನ್ನನ್ನು ತಿರುಚಿ ಕಿತ್ತುಹಾಕುವುದು! ಯಾಕೆಂದರೆ ಅವನೇ ಮಾಡಿಕೊಂಡ ಎಕ್ಸ್‌ಟೆನ್ಷನ್ ಬೋರ್ಡಿಗೆ ಇದ್ದದ್ದು ಎರಡೇ ತೂತು. ಕಿತ್ತ ಪಿನ್ನು ದಂಡವಾಗಬಾರದಲ್ಲ, ಅವು ಮೊಳೆ ಇಡುವ ಡ್ರಾಯರುಗಳಿಗೆ ಹಿಡಿಕೆಯಾದವು. ಹಿತ್ತಾಳೆಯವು, ನೋಡಲೇನೋ ಚೆಂದವಾಗಿಯೇ ಇದ್ದವು. ಬೋರ್ಡಿನ ವೈರು ಅಡುಗೆಮನೆಯ ಕಿಟಕಿಯಿಂದ ಇಳಿದು, ಅಲ್ಲಲ್ಲಿ ಟೇಪು ಸುತ್ತಿಸಿಕೊಂಡು ಬಂದು, ಹೆಚ್ಚಾದ ಉದ್ದವೆಲ್ಲ ಮರದ ಹೊಟ್ಟಿನಡಿ ಸುರುಳಿಯಾಗಿ ಬಿದ್ದಿರುತ್ತಿತ್ತು.

ಅವನು ಈಚೆಯಿಂದ ಹಲಗೆ ತಳ್ಳುವನು, ಹೆಂಡತಿ ಆಚೆ ನಿಂತು ಸೀಳಿ ಬರುವ ಹಲಗೆಯನ್ನು ಹಿಡಿದುಕೊಳ್ಳುವಳು. ಉಳಿದ ಹೊತ್ತು ಉಪ್ಪುಕಾಗದ ತಿಕ್ಕುವುದು, ಪಾಲಿಶ್ ಹಚ್ಚುವುದು ಅವಳ ಪಾಲಿನದು. ಮದುವೆಯಾಗಿ ಬಂದಾಗಿನಿಂದ ಹೀಗೇ. ಇಬ್ಬರಿಗೂ ಮಾತು ಬೇಕಿರಲಿಲ್ಲ. ಅವನ ಹುಬ್ಬು ಮೇಲೇರಿತೆಂದರೆ ಹಲಗೆಯಲ್ಲಿ ಗಂಟು ಬಂತೆಂದು ಅವಳಿಗೆ ತಿಳಿಯುತ್ತಿತ್ತು.

ಇಂಥವನಿಗೆ ಬಲಭುಜ ಕೈಕೊಟ್ಟಿತು. ಇನ್ನು ಹಲಗೆ ತಳ್ಳುವ ಮಾತೇ ಆಡಬೇಡಿ ಎಂದುಬಿಟ್ಟರು ಡಾಕ್ಟರು. ಶಾಲೆಯೊಂದಕ್ಕೆ ಬೆಂಚು ಮಾಡಿಕೊಡುತ್ತೇನೆಂದು ಮಾತು ಕೊಟ್ಟಾಗಿತ್ತು, ಶಾಲೆ ತೆರೆಯುವ ದಿನವೂ ಹತ್ತಿರ ಬಂದಿತ್ತು. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ತಳ್ಳುತ್ತೇನೆ, ನೀವು ಆಚೆ ನಿಂತು ಹಿಡಿದುಕೊಂಡರೆ ಸಾಕು, ಅದಕ್ಕೆ ಭುಜದ ಬಲ ಬೇಡ ಎಂದಳು. ಅವನಿಗೆ ಒಳಗೊಳಗೇ ಹೆಮ್ಮೆಯಾಯಿತು. ಹೊರಗೆ ಮಾತ್ರ, ಬೆರಳು ಜೋಪಾನ ಎಂದು ಗದರಿದ.

ಈ ಸುದ್ದಿ ಕೇಳಿ ಓಡೋಡಿ ಬಂದವನು ಅವಳ ತಮ್ಮ, ವೈರಿಂಗ್ ಕೆಲಸದವನು. ಭಾವನ ಬೋರ್ಡು ನೋಡಿ ಹಣೆ ಚಚ್ಚಿಕೊಂಡ. ಗರಗಸವನ್ನು ಒಂದಿಷ್ಟು ಹೊತ್ತು ಓಡಿಸಿ ನಿಲ್ಲಿಸಿ, ಹೊಟ್ಟಿನಡಿಯ ಸುರುಳಿಯನ್ನು ಮುಟ್ಟಿದರೆ ಅದು ಆಗತಾನೇ ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬಿಸಿ. ಇಷ್ಟು ದೊಡ್ಡ ಮೋಟಾರಿಗೆ ಇಷ್ಟು ಸಣ್ಣ ವೈರಾ, ಅದನ್ನೂ ಪೂರ್ತಿ ಬಿಚ್ಚಿ ಹರಡದೆ ಓಡಿಸುವುದಾ, ಇಷ್ಟು ದಿನ ಹೊಟ್ಟಿಗೆ ಬೆಂಕಿ ಬೀಳದಿದ್ದದ್ದೇ ನಿಮ್ಮ ಪುಣ್ಯ ಎಂದು ಬೈದ. ಬೈದು ಸುಮ್ಮನಾಗಲಿಲ್ಲ. ಅಂಗಳದಲ್ಲಿ ಗುಂಡಿ ತೋಡಿ ಅರ್ತಿಂಗಿನ ಸಲಾಕೆ ಇಳಿಸಿದ, ಕಾರ್ಖಾನೆಗೆ ಬೇರೆಯೇ ದಪ್ಪ ವೈರು ಎಳೆದ, ಮೂರು ತೂತಿನ ಬೋರ್ಡು ಹಾಕಿದ, ಗರಗಸಕ್ಕೆ ಹೊಸ ಪ್ಲಗ್ಗು ಕೂಡಿಸಿದ. ಕರೆಂಟು ದಾರಿ ತಪ್ಪಿದರೆ ತಾನಾಗಿ ಬಿದ್ದು ಎಲ್ಲವನ್ನೂ ನಿಲ್ಲಿಸುವ ಸ್ವಿಚ್ಚೊಂದನ್ನು ಗೋಡೆಗೆ ಕೂಡಿಸಿದ. ಆಮೇಲೆ ಗರಗಸ ಹಚ್ಚಿದ. ಟಕ್ಕೆಂದು ಗೋಡೆಯ ಸ್ವಿಚ್ಚು ಬಿತ್ತು. ಎತ್ತಿದ, ಮತ್ತೆ ಬಿತ್ತು.

ಮೋಟಾರಿನೊಳಗೆ ಸುತ್ತಿದ ತಂತಿ ಕೆಟ್ಟು, ಕರೆಂಟು ಮೇಜಿಗೆ ಹರಿಯುತ್ತಿದೆ ಎಂದು ಅವನು ಬಿಡಿಸಿ ಹೇಳಿದ. ಹಾಗೆ ಹರಿದದ್ದನ್ನು ನೆಲಕ್ಕೆ ಒಯ್ಯುವುದೇ ಆ ಮೂರನೇ ಪಿನ್ನಿನ ಕೆಲಸ, ಅದಿಲ್ಲದಿದ್ದರೆ ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಮೋಟಾರು ಬಿಚ್ಚಿ ಹೊಸದಾಗಿ ಸುತ್ತಿಸಬೇಕು, ಅಲ್ಲಿಯವರೆಗೆ ಗರಗಸಕ್ಕೆ ಕೈ ಹಚ್ಚಕೂಡದು. ಇಷ್ಟು ಹೇಳಿ ಅವನು ತನ್ನ ಕೆಲಸಕ್ಕೆ ಹೋದ. ಜುಮ್ಮಣ್ಣನ ಪಿತ್ತ ನೆತ್ತಿಗೇರಿತು. ನಿನ್ನೆಯವರೆಗೆ ನೆಟ್ಟಗೆ ಓಡುತ್ತಿದ್ದ ಗರಗಸವನ್ನು ರಿಪೇರಿ ಮಾಡಿ ಕೆಡಿಸಿದನಲ್ಲ! ಮೋಟಾರು ಸುತ್ತುವವನು ಇವತ್ತು ನಾಳೆ ಎಂದು ಕಾಯಿಸುತ್ತಾನೆ, ಅಷ್ಟರೊಳಗೆ ಶಾಲೆಯೇ ತೆರೆದಿರುತ್ತದೆ, ಮಕ್ಕಳು ನೆಲದ ಮೇಲೆ ಕೂರಬೇಕಾ? ಗೊಣಗುತ್ತಲೇ ಅಟ್ಟ ಹತ್ತಿ ಹಳೆಯ ಬೋರ್ಡು ಇಳಿಸಿದ. ವೈರನ್ನು ಅಡುಗೆಮನೆಯ ಕಿಟಕಿಗೆ ತೂರಿಸಿದ, ಅಲ್ಲಿಯ ಕರೆಂಟಿಗೆ ಆ ಬೀಳುವ ಸ್ವಿಚ್ಚಿನ ಕಾಟವಿಲ್ಲ.

ಇನ್ನು ಹೊಸ ಪ್ಲಗ್ಗಿನ ಮೇಲಿನ ಪಿನ್ನು ಕೀಳುವುದೊಂದೇ ಬಾಕಿ. ಭುಜದಲ್ಲಿ ಬಲವಿಲ್ಲದ್ದರಿಂದ ಹೆಂಡತಿಯನ್ನು ಕರೆದು ಪ್ಲಗ್ಗನ್ನು ಬಿಗಿಯಾಗಿ ಹಿಡಿದುಕೊಳ್ಳಲು ಹೇಳಿದ. ಅವಳು ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವನು ಪಿನ್ನಿಗೆ ಇಕ್ಕಳ ಕಚ್ಚಿಸಿದ.

"ಕೀಳಿ, ಬೇಡ ಅನ್ನಲ್ಲ," ಎಂದಳು. "ಆದ್ರೆ ಆಚೆ ಬದಿಗೆ ನೀವು ನಿಲ್ಲೋದು ಬೇಡ. ಎರಡೂ ಕಡೆ ನಾನೇ ಹೇಗೋ ನೋಡ್ಕೋತೀನಿ."

"ಯಾಕೆ?"

"ಆ ಕಡೆ ಜಾಸ್ತಿ ಹೊಡೆಯುತ್ತೆ."

ಅವನಿಗೆ ಅರ್ಥವಾಗಲಿಲ್ಲ. ಏನು ಹೊಡೆಯುತ್ತೆ ಎಂದು ಕೇಳಿದ. ಇನ್ನೇನು, ಕರೆಂಟು ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ. ಆಚೆ ಬದಿಯ ಪಕ್ಕದಲ್ಲೇ ನಲ್ಲಿ, ನೆಲ ಯಾವಾಗಲೂ ಒದ್ದೆ. ಆ ಒದ್ದೆಯ ಮೇಲೆ ಹೊಟ್ಟು ಬಿದ್ದರೆ ಚಪ್ಪಲಿ ಜಾರುತ್ತದೆಂದು ಅವಳು ಬರಿಗಾಲಲ್ಲಿ ನಿಲ್ಲುತ್ತಿದ್ದಳು. ಉದ್ದದ ಹಲಗೆ ಬಂದಾಗ ಸೊಂಟ ಮೇಜಿಗೆ ತಾಗುತ್ತಿತ್ತು, ತಾಗಿದಾಗಲೆಲ್ಲ ಸೊಂಟದಿಂದ ಅಂಗಾಲಿನವರೆಗೆ ಹಿಡಿದು ಎಳೆದಂತಾಗುತ್ತಿತ್ತು. ಹಲಗೆ ಹಿಡಿಯುವಾಗ ಅವಳು ತುಟಿ ಕಚ್ಚುವುದನ್ನು ಅವನು ದಿನಾ ನೋಡಿದ್ದ. ಭಾರಕ್ಕೆ ಎಂದುಕೊಂಡಿದ್ದ.

"ಇಷ್ಟು ವರ್ಷ ಒಂದು ಮಾತು ಹೇಳಿಲ್ವಲ್ಲೇ," ಎಂದ.

"ನಿಮಗೂ ಹೀಗೇ ಹೊಡೀತಿದೆ, ನೀವು ತಡ್ಕೊಂಡು ನಗ್ತಿದ್ದೀರ ಅಂದ್ಕೊಂಡಿದ್ದೆ," ಎಂದಳು ಅವಳು. "ನೀವು ತಡ್ಕೊಳ್ಳೋದನ್ನ ನಾನು ತಡ್ಕೊಳ್ಳೋಕಾಗಲ್ವಾ?"

ಪಾಪ, ಅವನಿಗೆಲ್ಲಿ ಹಾಗೆ ಹೊಡೆದಿತ್ತು? ಒಣ ನೆಲ, ಕಾಲಲ್ಲಿ ರಬ್ಬರ್ ಚಪ್ಪಲಿ, ಬೆರಳ ತುದಿಗೆ ಒಂದಿಷ್ಟು ಕಚಗುಳಿ ಇಟ್ಟಂತಾಗಿ ಹೋಗುತ್ತಿತ್ತು ಅಷ್ಟೇ. ಅದನ್ನೇ ದೊಡ್ಡ ಎದೆಗಾರಿಕೆ ಎಂಬಂತೆ ಬೀದಿಗೆಲ್ಲ ಹೇಳಿಕೊಂಡು ತಿರುಗಿದ್ದ. ಅವಳು ಇನ್ನೂ ಪ್ಲಗ್ಗನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು, ಕೀಳಲೆಂದು ಕಾಯುತ್ತ. ಅವನಿಗೆ ನಾಚಿಕೆಯೂ ಆಯಿತು, ಭಯವೂ ಆಯಿತು. ಆಗಬಾರದ್ದು ಯಾವತ್ತಾದರೂ ಒಂದು ದಿನ ಆಗಿಬಿಟ್ಟಿದ್ದರೆ, ಅಂತ. ಇಕ್ಕಳ ಕೆಳಗಿಟ್ಟು ಪ್ಲಗ್ಗನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ.

ಇಬ್ಬರೂ ಸೇರಿ ಮೋಟಾರು ಬಿಚ್ಚಿ ಗಾಡಿಗೆ ಹೇರಿ ಸುತ್ತುವವನ ಅಂಗಡಿಗೆ ಕಳಿಸಿದರು. ಗಾಡಿ ಹೊರಟಿದ್ದೇ ಜುಮ್ಮಣ್ಣ ನೇರವಾಗಿ ಶಾಲೆಯ ಕಡೆ ನಡೆದ. ದಾರಿಯುದ್ದಕ್ಕೂ ನೆಪಗಳು ತಾವಾಗಿ ಬಾಯಿಗೆ ಬರುತ್ತಿದ್ದವು: ಮರ ಹಸಿಯಿತ್ತು, ಕರೆಂಟು ಇರಲಿಲ್ಲ, ಭುಜ ನೋವು. ಮೂರೂ ನಂಬುವಂಥವೇ. ಹೆಡ್‌ಮೇಡಂ ಬಾಗಿಲಲ್ಲೇ ನಿಂತು, ಬೆಂಚು ಯಾವಾಗ ಬರುತ್ತೆ ಎಂದು ಕೇಳಿದರು. ತಡವಾಗುತ್ತೆ ಎಂದ. ಯಾಕೆ ಎಂದರು.

"ನನ್ನ ಹೆಂಡತಿಗೆ ಇಷ್ಟು ವರ್ಷ ಕರೆಂಟ್ ಹೊಡೀತಾ ಇತ್ತು ಮೇಡಂ," ಎಂದ. "ನನ್ನೆದುರಿಗೇ. ನಾನು ನೋಡ್ಲಿಲ್ಲ."

ಅಷ್ಟು ಹೇಳುವಷ್ಟರಲ್ಲಿ ಅವನಿಗೆ ಅಳು ಬಂದುಬಿಟ್ಟಿತು. ಮೇಡಂ ಬೆಂಚಿನ ಮಾತು ಬಿಟ್ಟು, ಒಳಗೆ ಬಂದು ಕೂತುಕೊಳ್ಳಿ ಎಂದರು.