ನೈವೇದ್ಯದ ನಂತರದ ಉಪ್ಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವಳು ಈಗಲೂ ಹೇಳುತ್ತಾಳೆ. ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಸಿಟ್ಟು ನನ್ನಿಂದ ಮಾಡಿಸಿದ ಕೆಲಸಗಳಲ್ಲಿ ಒಂದನ್ನು ನಾನು ಅವಳಿಗೂ ಹೇಳಿಲ್ಲ. ಅದೊಂದು ನಾಟಕ. ಬರೆದವನೂ ನಾನೇ, ಮುಖ್ಯ ಪಾತ್ರ ಮಾಡಿದವನೂ ನಾನೇ.

ಆಗ ನಾನು ಪುಣೆಯ ಸದಾಶಿವ ಪೇಟೆಯ ಒಂದು ಖಾನಾವಳಿಯಲ್ಲಿ ಬಡಿಸುವ ಕೆಲಸಕ್ಕಿದ್ದೆ. ವಯಸ್ಸು ಇಪ್ಪತ್ತೈದು ದಾಟಿತ್ತು. ಮಾಲಕರು ಧಾರವಾಡ ಕಡೆಯವರು. ಉಣ್ಣಲು ಬರುವವರೂ ಹೆಚ್ಚಾಗಿ ನಮ್ಮ ಕಡೆಯ ಕಾರಕೂನರು, ಕಾಲೇಜಿನವರು. ಮುಂಜಾನೆ ಮೂರು ಪಂಕ್ತಿ, ಸಂಜೆ ಮೂರು ಪಂಕ್ತಿ. ಇಷ್ಟಕ್ಕೂ ಒಳಗೆ ನಾವು ಮೂರೇ ಜನ. ಅಡಿಗೆಗೆ ಆಚಾರ್ರು. ಜೋಳದ ಭಕ್ಕರಿ ಬಡಿಯಲು ಬೆಳಗಾವಿಯ ಒಬ್ಬ ವಿಧವೆ, ಅವಳನ್ನು ಎಲ್ಲರೂ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ನೀರು ಸೇದಲು, ಬಡಿಸಲು, ಎಂಜಲೆಲೆ ಎತ್ತಲು ನಾನು. ಹೊಗೆಗೆ ಮಾವಶಿಯ ಕಣ್ಣು ವರ್ಷವಿಡೀ ಕೆಂಪಗಿರುತ್ತಿತ್ತು. ಹಬ್ಬ ಬಂತೆಂದರೆ ಊರಿಗೆಲ್ಲ ರಜೆ, ನಮಗೆ ದುಪ್ಪಟ್ಟು ಕೆಲಸ. ದಣಿದು ದಣಿದು ಮೂವರೂ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದೆವು.

ಆಚಾರ್ರಿಗೆ ಅರವತ್ತರ ಹತ್ತಿರ. ಅವರದು ಮಡಿ ಅಡಿಗೆ. ದೇವರ ನೈವೇದ್ಯ ಆಗುವ ಮೊದಲು ಒಂದು ಹನಿಯನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ಆದ ಮೇಲೂ ಅವರು ಹಚ್ಚುತ್ತಿರಲಿಲ್ಲ, ಕೊನೆಯ ಪಂಕ್ತಿ ಎದ್ದ ಮೇಲೆಯೇ ಅವರ ಊಟ. ಹಾಗಾಗಿ ಉಪ್ಪಿನ ಹದ ಅವರಿಗೆ ತಿಳಿಯುತ್ತಿದ್ದದ್ದು ವಾಸನೆಯಿಂದ. ಕುದಿಯುವ ಹುಳಿಯ ಮೇಲೆ ಬಾಗಿ ಒಮ್ಮೆ ಉಸಿರೆಳೆದರೆ ಮುಗಿಯಿತು, ಎಂದೂ ತಪ್ಪುತ್ತಿರಲಿಲ್ಲ ಎಂದು ಹಳೆಯ ಗಿರಾಕಿಗಳು ಹೇಳುತ್ತಿದ್ದರು. ನಾನು ಬರುವ ಮುಂಚೆ ಊರಿಗೆ ಊರೇ ಮಲಗಿದ ದೊಡ್ಡ ಜ್ವರದಲ್ಲಿ ಅವರ ಹೆಂಡತಿ ಹೋದಳು. ಆಚಾರ್ರು ಉಳಿದರು, ಆದರೆ ಮೂಗು ಸತ್ತಿತು. ಹಾಲು ಸೀದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಡಿಗೆಮನೆಯ ಹಿಂದಿನ ಕೋಣೆಯೇ ಅವರ ಮನೆ. ಊರಲ್ಲಿ ತಮ್ಮವರೆನ್ನುವವರು ಯಾರೂ ಇರಲಿಲ್ಲ. ಕೆಲಸ ಹೋದರೆ ಆ ಕೋಣೆಯೂ ಹೋದಂತೆಯೇ.

ಮೂಗು ಹೋದ ಮೇಲೆ ಅವರು ಅಂದಾಜಿನ ಮೇಲೆ ಉಪ್ಪು ಹಾಕುತ್ತಿದ್ದರು. ಒಂದೊಂದು ದಿನ ಹಾಕುವುದನ್ನೇ ಮರೆಯುವರು, ಒಂದೊಂದು ದಿನ ಎರಡು ಸಲ ಹಾಕುವರು. ಇದು ಮೊದಲು ಗೊತ್ತಾದದ್ದು ಮಾವಶಿಗೆ. ಅದಕ್ಕೊಂದು ಉಪಾಯ ಮಾಡಿದವಳೂ ಅವಳೇ.

"ಆಚಾರ್ರು ನೈವೇದ್ಯಕ್ಕ ಕಣ್ಣು ಮುಚ್ಚಿ ಕೂತಾಗ ನೀ ಒಂದೀಟು ಹುಳಿ ಅಂಗೈಯಾಗ ಹಾಕ್ಕೊಂಡು ರುಚಿ ನೋಡು. ಕಮ್ಮಿ ಇದ್ರ ನಾ ಉಪ್ಪು ಹಾಕ್ತೀನಿ. ಹೆಚ್ಚಿದ್ರ ಬಿಸಿನೀರು, ಬೆಲ್ಲ. ಎಲ್ಲ್ಯೂ ಬಾಯಿ ಬಿಡಬ್ಯಾಡ ಮತ್ತ."

ಎರಡು ವರ್ಷ ಹೀಗೆಯೇ ನಡೆಯಿತು. ದೇವರು ಎಷ್ಟೋ ದಿನ ಸಪ್ಪೆ ಹುಳಿ ಉಂಡ. ಪಂಕ್ತಿಯವರು ಮಾತ್ರ ಒಂದು ದಿನವೂ ಸಪ್ಪೆ ಉಣ್ಣಲಿಲ್ಲ. ಎಲ್ಲರೂ ಎದ್ದ ಮೇಲೆ ಆಚಾರ್ರು ತಾವೊಬ್ಬರೇ ಉಣ್ಣಲು ಕುಳಿತು ಹುಳಿಯನ್ನ ಬಾಯಿಗಿಟ್ಟು ತಲೆಯಾಡಿಸುತ್ತಿದ್ದರು.

"ನೋಡಪಾ, ಮೂಗು ಹೋದ್ರೇನಾತು, ಕೈ ಮರತಿಲ್ಲ."

"ಹೌದ್ರಿ" ಎನ್ನುತ್ತ ಮಾವಶಿ ಭಕ್ಕರಿಯ ಹಂಚಿನ ಕಡೆ ಮುಖ ತಿರುಗಿಸುತ್ತಿದ್ದಳು.

ಆ ವರ್ಷ ಗಣಪತಿ ಹಬ್ಬಕ್ಕೆ ನಮ್ಮ ಖಾನಾವಳಿಯಿದ್ದ ವಾಡೆಯ ಅಂಗಳದಲ್ಲಿ ಕನ್ನಡದ ನಾಟಕವೊಂದು ಆಗಬೇಕೆಂದು ಗಿರಾಕಿಗಳು ಹಟ ಹಿಡಿದರು. ಬರೆಯುವ ಹುಚ್ಚು ನನಗಿತ್ತು. ನಮ್ಮ ಅಡಿಗೆಮನೆಯನ್ನೇ ಬರೆದೆ. ಮೂರು ಜನ ಆರು ಪಂಕ್ತಿಗೆ ಹೇಗೆ ಸಾಯುತ್ತಾರೆಂದು ಮಾಲಕರು ಕಣ್ಣಾರೆ ನೋಡಲಿ, ಇನ್ನೊಬ್ಬ ಆಳನ್ನಾದರೂ ಇಡಲಿ ಎಂಬುದು ನನ್ನ ಲೆಕ್ಕ. ಅದರಲ್ಲಿ ಉಪ್ಪಿನ ಮಾತು ಮೊದಲು ಇರಲಿಲ್ಲ.

ಹಬ್ಬದ ನಾಲ್ಕನೆಯ ದಿನ ಅವಸರದಲ್ಲಿ ಹೊರಳುವಾಗ ನನ್ನ ಮೊಣಕೈ ಆಚಾರ್ರಿಗೆ ತಗಲಿತು. ಮಡಿ ಕೆಟ್ಟಿತು. ಅವರು ಮತ್ತೆ ತಣ್ಣೀರು ಸ್ನಾನ ಮಾಡಿ ಬರುವ ಹೊತ್ತಿಗೆ ಮೊದಲ ಪಂಕ್ತಿ ಎಲೆಯ ಮುಂದೆ ಕಾದು ಕುಳಿತಿತ್ತು. ನಡುಗುತ್ತ ಬಂದವರು ಎಲ್ಲರ ಎದುರಿಗೆ, "ಎರಡು ವರ್ಷ ಆತು, ಇವಗ ಇನ್ನೂ ಅಡಿಗೀಮನ್ಯಾಗ ಅಡ್ಡಾಡೂದ ಗೊತ್ತಿಲ್ಲ. ದನಾ ಕಾಯೋ ಮಗಾ" ಎಂದರು. ಕಾರಕೂನರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇವರ ಮಾನ ದಿನಾ ಕಾಯುವವನು ನಾನು, ನನಗೇ ಈ ಮಾತೇ ಎನ್ನಿಸಿತು. ಅಂದೇ ಕುಳಿತು ಉಪ್ಪಿನ ದೃಶ್ಯ ಬರೆದು ಸೇರಿಸಿದೆ.

ತಾಲೀಮು ನೋಡಿದ ಮಾವಶಿ ನನ್ನನ್ನು ಬಾವಿಯ ಕಡೆ ಕರೆದೊಯ್ದಳು. "ಅದನ್ನ ತಗದ ಬಿಡಪ್ಪಾ. ಅವರ ಹತ್ರ ಉಳದದ್ದು ಕೈ ಮ್ಯಾಲಿನ ಆ ಭರೋಸಾ ಒಂದಽ."

"ನಗೂದಕ್ಕ ಅದ ಮಾವಶಿ, ಯಾರಿಗೂ ತಿಳಿಯೂದಿಲ್ಲ" ಎಂದೆ. ನನ್ನ ಬಾಯಿಗೆ ಮಣ್ಣು ಬೀಳಲಿ.

ನಾಟಕ ಆದದ್ದು ಏಳನೆಯ ದಿನ ಮಧ್ಯಾಹ್ನ, ಸಂಜೆಯ ಒಲೆ ಹೊತ್ತಿಸುವ ಮುಂಚೆ. ಎರಡು ಚಾದರ ಕಟ್ಟಿದ್ದೇ ಪರದೆ. ಆಚಾರ್ರ ಪಾತ್ರ ನನ್ನದು. ಅವರ ಹಾಗೆ ಸೊಂಟಕ್ಕೆ ಕೈಯಿಟ್ಟು ನಡೆದೆ, ಮೂರು ಬೆರಳಲ್ಲಿ ಉಪ್ಪು ಎತ್ತಿದೆ. ಮುಂದಿನ ಸಾಲಿನಲ್ಲಿ ಮಾಲಕರ ಪಕ್ಕ ಕುಳಿತಿದ್ದ ಆಚಾರ್ರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಆಮೇಲೆ ನಾನು ದೇವರ ಮುಂದೆ ಕಣ್ಣು ಮುಚ್ಚಿ ಕುಳಿತೆ. ಹಿಂದಿನಿಂದ ಇಬ್ಬರು ಪಾತ್ರಧಾರಿಗಳು ಬೆರಳ ತುದಿಯಲ್ಲಿ ನಡೆದು ಬಂದು ಹುಳಿಯ ರುಚಿ ನೋಡಿ, ಮುಖ ಕಿವುಚಿ, ಉಪ್ಪು ಸುರಿದರು. ಅಂಗಳಕ್ಕೆ ಅಂಗಳವೇ ಹೋ ಎಂದಿತು. ನಾನು ಊಟಕ್ಕೆ ಕುಳಿತು, ತಲೆಯಾಡಿಸಿ, ಅವರದೇ ದನಿಯಲ್ಲಿ ಹೇಳಿದೆ. "ನೋಡಪಾ, ಮೂಗು ಹೋದ್ರೇನಾತು, ಕೈ ಮರತಿಲ್ಲ."

ಜನ ಬಿದ್ದು ಬಿದ್ದು ನಗುತ್ತಿದ್ದರು. ಆಚಾರ್ರ ನಗು ಮಾತ್ರ ನಿಂತಿತ್ತು. ಅವರು ಹಿಂದೆ ಹೆಂಗಸರ ನಡುವೆ ಕುಳಿತಿದ್ದ ಮಾವಶಿಯ ಕಡೆ ತಿರುಗಿ ನೋಡಿದರು. ಮಾವಶಿ ತಲೆ ಬಗ್ಗಿಸಿದಳು. ಅಷ್ಟು ಸಾಕಾಯಿತು. "ಒಲಿ ಹೊತ್ತಸಬೇಕು" ಎಂದು ಮೆಲ್ಲಗೆ ಹೇಳಿ ಎದ್ದುಹೋದರು. ನನಗೆ ಆಡಿದ ಮಾತನ್ನು ಬಾಯೊಳಗೆ ಎಳೆದುಕೊಳ್ಳುವಂತಿದ್ದರೆ ಎನ್ನಿಸಿತು. ಆದರೆ ಇನ್ನೂ ಎರಡು ದೃಶ್ಯ ಬಾಕಿ ಇದ್ದವು, ಅವನ್ನೂ ಆಡಿದೆ.

ಸಂಜೆ ಹುಳಿ ಕುದಿಯುವಾಗ ಆಚಾರ್ರು ಉಪ್ಪಿನ ಭರಣಿಯನ್ನು ನನ್ನ ಮುಂದೆ ಇಟ್ಟರು. "ಹಾಕಪಾ." ಮರುದಿನವೂ ಅದೇ, ಅದರ ಮರುದಿನವೂ ಅದೇ. ಕೊನೆಯಲ್ಲಿ ಉಣ್ಣಲು ಕುಳಿತಾಗ ತಲೆಯಾಡಿಸುವುದು ನಿಂತಿತು. ಬೈಗುಳವೂ ನಿಂತಿತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಚಾರ್ರು ಕೆಲಸ ಬಿಡುತ್ತೇನೆಂದರು. ಮಾಲಕರು ಕೆಟ್ಟವರಲ್ಲ. "ಇರ್ರಿ ಆಚಾರ್ರ, ಅಡಿಗಿ ನೀವು ಮಾಡ್ರಿ, ರುಚಿ ಅವ ನೋಡ್ತಾನ" ಎಂದರು.

"ಮಂದೀ ಕೈಲೆ ಉಪ್ಪು ಹಾಕಿಸ್ಕೊಂಡು ನಾ ಯಾತರ ಆಚಾರಿ ರೀ" ಎಂದರು ಆಚಾರ್ರು.

ಗಣಪತಿಯನ್ನು ಹೊಳೆಗೆ ಬಿಟ್ಟ ಮರುದಿನ ಅವರು ಎಂದಿನಂತೆ ಅಡಿಗೆ ಮಾಡಿದರು. ಭರಣಿಯನ್ನು ನನಗೆ ಕೊಡಲಿಲ್ಲ. "ಇವತ್ತೊಂದಿನ ನಾ ಹಾಕ್ತೀನಿ" ಎಂದು ಮೂರು ಬೆರಳಲ್ಲಿ ಎತ್ತಿ ಹಾಕಿದರು. ನೈವೇದ್ಯ ಮಾಡಿ, ಮಡಿ ಬಿಚ್ಚಿಟ್ಟು, ಉಣ್ಣದೆಯೇ ತಮ್ಮ ಬಟ್ಟೆಯ ಗಂಟು ಹಿಡಿದು ಹೊರಗೆ ನಡೆದರು. ನಾನು ರೂಢಿಯಂತೆ ಹುಳಿಯನ್ನು ಅಂಗೈಗೆ ಹಾಕಿಕೊಂಡೆ. ಉಪ್ಪು ಸರಿಯಾಗಿತ್ತು. ಹೆಚ್ಚಿಲ್ಲ, ಕಮ್ಮಿಯಿಲ್ಲ. ಮಾವಶಿಗೂ ರುಚಿ ತೋರಿಸಿದೆ; ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಓಡಿದೆ. ವಾಡೆಯ ಬಾಗಿಲ ಮುಂದೆ ಅವರು ಟಾಂಗಾ ಹತ್ತುತ್ತಿದ್ದರು.

"ಆಚಾರ್ರ, ಉಪ್ಪು ಸರಿ ಅದರಿ. ನಾವು ಏನೂ ಹಾಕಿಲ್ರಿ, ದೇವರಾಣಿ. ನೀವಽ ಹಾಕಿದ್ದು."

ಅವರು ಹತ್ತಲು ಎತ್ತಿದ್ದ ಕಾಲನ್ನು ಕೆಳಗಿಳಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ನೀ ಪಾತ್ರ ಭಾಳ ಛಲೋ ಮಾಡ್ತೀಪಾ" ಎಂದರು.

ಟಾಂಗಾ ಸ್ಟೇಶನ್ನಿನ ಕಡೆ ಹೋಯಿತು. ನಾನು ಒಳಗೆ ಬಂದೆ. ಮೊದಲ ಪಂಕ್ತಿ ಎಲೆಯ ಮುಂದೆ ಕುಳಿತಿತ್ತು, ಅವರ ಹುಳಿಯನ್ನು ಬಡಿಸಿದೆ.